ಎಲ್ಲರಿಗೂ ಅಲ್ಲ

ಭಾನುವಾರದ ಪುರವಣಿ ನಮ್ಮ ಮನೆಗೆ ಮಂಗಳವಾರ ಬಂತು, ಅದೂ ನೆನೆದು ಮುದ್ದೆಯಾಗಿ. ಪೇಪರ್ ಹಾಕುವ ಹುಡುಗನ ತಪ್ಪಲ್ಲ. ಎರಡು ದಿನದಿಂದ ಹೊಳೆ ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಹರಡಿ ಒಣಗಿಸಿ, ಹೊಗೆ ಮತ್ತು ಒಣಮೀನಿನ ವಾಸನೆಯ ಸಮೇತ ಓದಿದೆ: ‘ಈ ಮಳೆಗಾಲದಲ್ಲಿ ಮನೆಯಲ್ಲೇ ಬೆಚ್ಚಗೆ ಕೂತು ನೋಡಲೇಬೇಕಾದ 20 ಚಿತ್ರಗಳು’.

ಅದರ ಬಗ್ಗೆ ನಿಮಗೆ ಬಿಡಿಸಿ ಹೇಳಬೇಕಿಲ್ಲ, ವಾರವಿಡೀ ಎಲ್ಲರ ಸ್ಟೇಟಸ್ಸಿನಲ್ಲೂ ಅದೇ ಓಡಾಡಿದೆ. ವಿಮರ್ಶಕರು ಭೂಗೋಳವನ್ನು ಜಾಲಾಡಿ ಇಪ್ಪತ್ತು ಚಿತ್ರ ಹೆಕ್ಕಿ, ತಲಾ ಒಂದೂವರೆ ಸಾಲು ತೀರ್ಪು ಬರೆದು, ಬಾಲಕ್ಕೆ ನಕ್ಷತ್ರ ಅಂಟಿಸಿದ್ದಾರೆ. ಹಂಗೇರಿಯ ನಿರ್ದೇಶಕ ಬೇಲಾ ತಾರ್ ಅವರ 1994ರ ‘ಸತಾನ್‌ಟಾಂಗೋ’ ಏಳು ಗಂಟೆಗೂ ಮೀರಿದ ಚಿತ್ರ. ಮಡಿಕೇರಿಯಲ್ಲಿ ಬಸ್ಸು ಹತ್ತುವಾಗ ಶುರು ಮಾಡಿದರೆ, ಕೆಂಗೇರಿಯ ಟ್ರಾಫಿಕ್ಕೂ ಕೈಹಿಡಿದರೆ, ಮೆಜೆಸ್ಟಿಕ್ಕಿನಲ್ಲಿ ಮುಗಿದೀತು. ಅದಕ್ಕೆ ಒಂದೂವರೆ ಸಾಲು. ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ, 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದದ್ದು, ಬರೀ ಹದಿನಾರು ನಿಮಿಷದ್ದು. ಅದಕ್ಕೂ ಒಂದೂವರೆ ಸಾಲು. ಇಷ್ಟು ಸಮಾನತೆ ನಮ್ಮ ಸೊಸೈಟಿಯ ಪಡಿತರದಲ್ಲೂ ಇಲ್ಲ.

ಇಪ್ಪತ್ತರಲ್ಲಿ ಏಳು ಚಿತ್ರಗಳಿಗೆ ಒಂದೇ ಷರಾ: ‘ಎಲ್ಲರಿಗೂ ಅಲ್ಲ’.

ಚುಟುಕು ತೀರ್ಪಿನ ಮೇಲೆ ನನಗೆ ತಕರಾರಿಲ್ಲ, ಅದೊಂದು ವಿದ್ಯೆ. ಅಮೆರಿಕದ ಲೆನರ್ಡ್ ಮಾಲ್ಟಿನ್ ಅವರ ಚಿತ್ರ ಕೈಪಿಡಿಯಲ್ಲಿ 1948ರದೊಂದು ಸಿನಿಮಾ ಬರುತ್ತದೆ. ಅದರ ಹೆಸರೇ ‘ರಮ್ಯವಲ್ಲವೇ?’ ಎಂಬರ್ಥದ ಪ್ರಶ್ನೆ. ಮಾಲ್ಟಿನ್ ಬರೆದ ವಿಮರ್ಶೆ ಇಷ್ಟೇ: ‘ಅಲ್ಲ.’ ಮುಗಿಯಿತು. ಅದರಲ್ಲಿ ದೃಶ್ಯಕಾವ್ಯವಿಲ್ಲ, ಧ್ಯಾನಸ್ಥ ಲಯವಿಲ್ಲ, ಮೌನವೂ ಒಂದು ಪಾತ್ರವಾಗಿಲ್ಲ.

ನಮ್ಮ ಊರಿನ ಕಾಫಿ ವ್ಯಾಪಾರಿಯೂ ಆ ಪರಂಪರೆಯವನೇ. ಹೂಮಳೆಗೆ ಕಾದು, ಬರದಿದ್ದಾಗ ಸ್ಪ್ರಿಂಕ್ಲರ್ ಹಾಕಿ, ಕಪಾತು, ಮರಗಸಿ, ಗೊಬ್ಬರ ಎಲ್ಲ ಮುಗಿಸಿ, ಕಾಯಿಕೊರಕದ ಕೈಯಿಂದ ಉಳಿಸಿಕೊಂಡ ರೋಬಸ್ಟಾವನ್ನು ಕಣದಲ್ಲಿ ಒಣಗಿಸಿ ಅವನ ಗೋಡೌನಿಗೆ ಒಯ್ಯುತ್ತೇನೆ. ಅವನು ಚೀಲದೊಳಗೆ ಮೊಣಕೈವರೆಗೆ ಕೈಬಿಡುತ್ತಾನೆ, ಒಂದು ಹಿಡಿ ತೆಗೆದು ಅಲುಗಿಸಿ ಸದ್ದು ಕೇಳುತ್ತಾನೆ, ಮುಖ ನೋಡದೆ ಹೇಳುತ್ತಾನೆ: ‘ಔಟ್‌ಟರ್ನ್ ಕಮ್ಮಿ ಉಂಟು ಅಣ್ಣ.’ ನನ್ನ ಇಡೀ ವರ್ಷಕ್ಕೆ ನಾಲ್ಕು ಪದ! ಹೊಟ್ಟೆ ಉರಿಯುತ್ತದೆ. ಆದರೂ ಒಪ್ಪುತ್ತೇನೆ. ಏಕೆಂದರೆ ಆಮೇಲೆ ಅವನು ಸ್ಯಾಂಪಲ್ ಸುಲಿಸಿ, ಐವತ್ತು ಕಿಲೋ ಚೀಲಕ್ಕೆ ಹೊಟ್ಟು ಕಳೆದು ಎಷ್ಟು ಬೀಜ ಸಿಗುತ್ತದೆಂದು ನನ್ನೆದುರೇ ತೂಗುತ್ತಾನೆ. ಲೆಕ್ಕ ತಪ್ಪಿದರೆ ಕರಗುವುದು ಅವನದೇ ಗಂಟು. ಸಿನಿಮಾ ವಿಮರ್ಶಕರ ಗಂಟು ಕರಗಿದ್ದನ್ನು ಈವರೆಗೆ ಯಾರೂ ಕಂಡಿಲ್ಲ. ಇನ್ನು ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟರಂದು ಮಾಡುವ, ಮೂತ್ರಕ್ಕೆ ಬಣ್ಣ ತರುವ ಮದ್ದು ಸೊಪ್ಪಿನ ಪಾಯಸದ ವಿಮರ್ಶೆಯಂತೂ ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕೆಂಪಗೆ ಪ್ರಕಟವಾಗುತ್ತದೆ. ಅಷ್ಟು ಪ್ರಾಮಾಣಿಕ ವಿಮರ್ಶೆಯನ್ನು ನಾನು ಯಾವ ಪುರವಣಿಯಲ್ಲೂ ಓದಿಲ್ಲ.

‘ಮನೆಯಲ್ಲೇ ಬೆಚ್ಚಗೆ ಕೂತು’ ಎಂದಿದ್ದಾರಲ್ಲ, ಆ ಬಗ್ಗೆ ಒಂದು ಮಾತು. ನಮ್ಮಲ್ಲಿ ಮಳೆಗಾಲ ಎಂದರೆ ಯಾವುದೋ ತೋಟದಲ್ಲಿ ಸಿಲ್ವರ್ ಮರ ತಂತಿಯ ಮೇಲೆ ಬೀಳುವ ಕಾಲ. ಮರ ಬಿದ್ದರೆ ಕರೆಂಟು ಹೋಯಿತು. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ, ಟವರಿಗೆ ಡೀಸೆಲ್ ಹಾಕುವವರಿಲ್ಲದೆ, ಸಿಗ್ನಲ್ಲೂ ಹೋಯಿತು. ಹಾಗಾದರೆ ಟಾಕೀಸು? ನಮ್ಮೂರಿನದರಲ್ಲಿ ಈಗ ಮದುವೆ ಆಗುತ್ತವೆ. ಪರದೆ ಇದ್ದ ಜಾಗದಲ್ಲಿ ಗಂಡು ಹೆಣ್ಣು ಕುಳಿತುಕೊಳ್ಳುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಸಿನಿಮಾ ಟಿಕೆಟ್ಟು 200 ರೂಪಾಯಿ ದಾಟಕೂಡದೆಂದು ನಿಯಮ ಮಾಡಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು, ಬೆಂಗಳೂರಿನಲ್ಲಿ ದೊಡ್ಡ ಗಲಾಟೆ. ನಾವು ಎರಡೂ ದಿನ ನೆಮ್ಮದಿಯಾಗಿ ನಿದ್ದೆ ಮಾಡಿದೆವು. ಟಿಕೆಟ್ಟೇ ಇಲ್ಲದ ಊರಿಗೆ ದರದ ಚಿಂತೆ ಯಾಕೆ?

ಚಿಕ್ಕಂದಿನಲ್ಲಿ ಅದೇ ಟಾಕೀಸಿನಲ್ಲಿ ನಾನು ಸಾಕ್ಷ್ಯಚಿತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ. ಫಿಲಮ್ಸ್ ಡಿವಿಜನ್‌ನವರ ರೀಲನ್ನು ಸಿನಿಮಾಕ್ಕೆ ಮೊದಲು ಹಾಕಲೇಬೇಕೆಂದು ಸರ್ಕಾರದ ಕಡ್ಡಾಯವಿತ್ತು. ಅಣೆಕಟ್ಟು, ನೆರೆ ಪರಿಹಾರ, ಮಂತ್ರಿಗಳ ಹಾರ. ಅಷ್ಟರಲ್ಲಿ ದೊಡ್ಡವರು ಹೊರಗೆ ಹೋಗಿ ಬೀಡಿ ಸೇದಿ ಬರುತ್ತಿದ್ದರು. ಆ ಕಾಲದ ವಿಮರ್ಶೆಯೂ ಚುಟುಕೇ, ಎಷ್ಟು ಬೀಡಿ ಎಂಬುದೇ ಲೆಕ್ಕ.

ಪಟ್ಟಿಯಲ್ಲಿ ಮೂರನೆಯದು ಶಾಂತಾಲ್ ಅಕರ್‌ಮನ್ ಅವರ ‘ಜಾನ್ ದೀಲ್ಮಾನ್’. 1975ರ ಚಿತ್ರ, ಮೂರು ಗಂಟೆ ಇಪ್ಪತ್ತೊಂದು ನಿಮಿಷ. 2022ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಲೋಕದ ವಿಮರ್ಶಕರನ್ನೆಲ್ಲ ಕೇಳಿ ಮಾಡಿದ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ. ನಮ್ಮ ವಿಮರ್ಶಕರ ತೀರ್ಪು: ‘ದೈನಿಕದ ದೃಶ್ಯಕಾವ್ಯ. ಎಲ್ಲರಿಗೂ ಅಲ್ಲ.’ ತಮ್ಮನ ಮಗ ಹಿಂದೆಯೇ ಬೆಂಗಳೂರಿನಿಂದ ಪೆನ್ ಡ್ರೈವಿನಲ್ಲಿ ತಂದುಕೊಟ್ಟಿದ್ದ (ಎಲ್ಲಿ ಸಿಕ್ಕಿತೆಂದು ಕೇಳಬೇಡಿ), ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ವಿಧವೆಯೊಬ್ಬಳು ಮೂರು ದಿನ ಮನೆಗೆಲಸ ಮಾಡುತ್ತಾಳೆ. ಹಾಸಿಗೆ ಮಡಚುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಆಲೂಗಡ್ಡೆ ಸುಲಿಯುತ್ತಾಳೆ. ಎರಡನೇ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋಗುತ್ತದೆ, ಅಲ್ಲಿಂದ ಅವಳ ಲೋಕ ಬಿರುಕುಬಿಡುತ್ತದೆ. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಹಿಂದೆ ಕೂತು ಹಲಸಿನ ಬೀಜ ಜಜ್ಜುತ್ತಿದ್ದ ನನ್ನ ಹೆಂಡತಿ ಕೇಳಿದಳು:

‘ಇದನ್ನ ಇನ್ನೂ ಎಷ್ಟು ಹೊತ್ತು ನೋಡ್ತೀರಿ?’

‘ಇನ್ನೆರಡು ಗಂಟೆ ಇದೆ.’

‘ಮೂವತ್ತು ವರ್ಷದಿಂದ ಇದನ್ನೇ ನಾನು ಮಾಡ್ತಾ ಇದ್ದೇನೆ. ಒಂದು ದಿನ ಈ ಕಡೆ ತಿರುಗಿ ನೋಡಿದ್ದೀರಾ?’

ಆ ಚಿತ್ರದ ಬಗ್ಗೆ ಐವತ್ತು ವರ್ಷದಲ್ಲಿ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ಸರಿಯಾದದ್ದು ಇದ್ದೀತು ಎಂದು ನನಗನಿಸುವುದಿಲ್ಲ. ಉಳಿದ ಹಲಸಿನ ಬೀಜ ನಾನೇ ಜಜ್ಜಿದೆ. ಎಲ್ಲರಿಗೂ ಅಲ್ಲವಂತೆ!

ಆನೆಯ ವಿಷಯಕ್ಕೆ ಬರೋಣ, ಕೊಡಗಿನವನು ಆನೆಯಿಲ್ಲದೆ ಲೇಖನ ಬರೆದರೆ ಯಾರು ನಂಬುತ್ತಾರೆ? 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಪಟ್ಟಿಯಲ್ಲಿದೆ: ‘ಮನುಷ್ಯ ಮತ್ತು ಆನೆಯ ನವಿರು ಬಂಧ. ನಾಲ್ಕು ನಕ್ಷತ್ರ.’ ನನಗೂ ಇಷ್ಟವಾದ ಚಿತ್ರವೇ. ತಮಿಳುನಾಡಿನ ಮುದುಮಲೆಯ ತೆಪ್ಪಕಾಡಿನಲ್ಲಿ ತಬ್ಬಲಿ ಮರಿಗಳನ್ನು ಸಾಕಿದ ಬೊಮ್ಮನ್, ಬೆಳ್ಳಿ ದಂಪತಿಯನ್ನು ನೋಡಿ ನನ್ನ ಕಣ್ಣೂ ಒದ್ದೆಯಾಯಿತು. ಆಮೇಲೆ ನಮ್ಮ ದುಬಾರೆ ಆನೆ ಶಿಬಿರಕ್ಕೆ ಬಂದವರು ‘ಆಸ್ಕರ್ ಆನೆ ಇದೇನಾ’ ಎಂದು ಕೇಳತೊಡಗಿದರು. ಹೋಗಲಿ. ನಮ್ಮ ತೋಟಕ್ಕೆ ಬರುವ ಆನೆ ಆ ಚಿತ್ರ ನೋಡಿದಂತಿಲ್ಲ. ಅದು ಬೇಲಿ ಕಿತ್ತು, ಹಲಸು ತಿಂದು, ಮೂರು ವರ್ಷದ ಗಿಡಗಳನ್ನು ಮೆಟ್ಟಿ ಹೋಗುತ್ತದೆ. ತೋಟದ ಕೆಲಸದವರ ಲೈನ್ ಮನೆಯ ಹೆಂಗಸರು ಮಂಜು ಸರಿಯದೆ ಕೆಲಸಕ್ಕೆ ಹೊರಡುವುದಿಲ್ಲ, ಮಕ್ಕಳನ್ನು ಶಾಲೆಗೆ ಬಿಡಲು ಜೀಪು ಬೇಕು. ಅರಣ್ಯ ಇಲಾಖೆಯವರು ಪಟಾಕಿ ಹಿಡಿದು ಬಂದು ಪಕ್ಕದ ತೋಟಕ್ಕೆ ಓಡಿಸುತ್ತಾರೆ, ಪಕ್ಕದ ತೋಟದವರು ನಮ್ಮಲ್ಲಿಗೆ. ಈ ಚಿತ್ರ ಎಷ್ಟೋ ವರ್ಷದಿಂದ ಓಡುತ್ತಿದೆ, ಸಮಾಪ್ತಿ ಎಂಬ ಫಲಕ ಬಂದಿಲ್ಲ.

ಮೊದಲು ಹೇಳಿದ ಹದಿನಾರು ನಿಮಿಷದ ಚಿತ್ರದಲ್ಲಿ ಮುದುಕಿಯೊಬ್ಬಳು ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಬೆಳಗಾಗುವುದೇ ನಿಲ್ಲುತ್ತದೆ. ಜಾನಪದದ ಎಂಥ ಮಜವಾದ ತರ್ಲೆ! ವಿಮರ್ಶಕರಿಗೆ ಕಂಡದ್ದು ಮಾತ್ರ ‘ಮಣ್ಣಿನ ಸೊಗಡು’. ಕನ್ನಡದ ಯಾವ ಚಿತ್ರದಲ್ಲಿ ಹುಲ್ಲಿನ ಮನೆ ಕಂಡರೂ ಅವರ ಮೂಗಿಗೆ ಅದೇ ಬಡಿಯುತ್ತದೆ.

ಯಾವ ಮಣ್ಣು ಸ್ವಾಮಿ? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಕ್ಕೆ ಗುಡ್ಡವೇ ಇಳಿದು ಬಂದಾಗ ನಾವೂ ಮಣ್ಣು ಮೂಸಿದ್ದೇವೆ. ಅದಕ್ಕೆ ಸೊಗಡಿರಲಿಲ್ಲ. ಬೇರುಸಹಿತ ಕಿತ್ತ ಮರ, ಸತ್ತ ದನ, ಡೀಸೆಲ್ಲು ಎಲ್ಲ ಕಲಸಿದ ನಾತವಿತ್ತು. ಮಳೆ ನಿಂತ ಮೇಲೆ ಕ್ಯಾಮೆರಾದವರು ಬಂದರು, ಡ್ರೋನ್ ಹಾರಿಸಿದರು. ನನಗೆ ಪರಿಚಯದ ಅಜ್ಜಿಯೊಬ್ಬರನ್ನು, ಮನೆ ಇದ್ದ ಜಾಗಕ್ಕೆ ಇನ್ನೊಂದು ಸಲ ನಡೆದುಹೋಗಿ, ಬೆಳಕು ಸರಿ ಬರಲಿಲ್ಲ ಎಂದರು. ಅವರು ನಡೆದರು. ಆ ಸಾಕ್ಷ್ಯಚಿತ್ರಕ್ಕೆ ಆಗ ಬಂದ ತೀರ್ಪು ನನಗೆ ಈಗಲೂ ಬಾಯಿಪಾಠ: ‘ಹೃದಯಸ್ಪರ್ಶಿ. ಆದರೆ ದ್ವಿತೀಯಾರ್ಧ ಎಳೆದಂತಿದೆ.’ ದ್ವಿತೀಯಾರ್ಧದಲ್ಲಿ ಇದ್ದದ್ದು ಪರಿಹಾರ ಕೇಂದ್ರ, ಅರ್ಜಿ, ಜೆರಾಕ್ಸು, ಸಾಲು. ಎಳೆದಿತ್ತು, ಹೌದು. ಮನೆ ಸಿಗುವವರೆಗೂ ಎಳೆದಿತ್ತು. ಕೆಲವರು ಅಷ್ಟು ದಿನ ಬದುಕಲೂ ಇಲ್ಲ. ಎರಡೂವರೆ ನಕ್ಷತ್ರ ಕೊಟ್ಟಿದ್ದರು. ಆ ಅರ್ಧ ನಕ್ಷತ್ರ ಯಾತಕ್ಕೆ ಎಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಸಾಕು. ನಿನ್ನೆ ರಾತ್ರಿಯ ವಿಷಯ ಹೇಳಿ ಏಳುತ್ತೇನೆ. ಲ್ಯಾಪ್‌ಟಾಪಿನಲ್ಲಿ ಇನ್ನೂ ಒಂದಿಷ್ಟು ಚಾರ್ಜ್ ಇತ್ತು. ಪಟ್ಟಿಯ ಒಂದನೇ ನಂಬರು, ಅದೇ ಬೇಲಾ ತಾರ್ ಅವರ 2011ರ ‘ದಿ ಟುರಿನ್ ಹಾರ್ಸ್’ ಹಾಕಿದೆ. ಒಂದು ಕಲ್ಲಿನ ಮನೆ, ಅಪ್ಪ, ಮಗಳು, ಕುದುರೆ. ಹೊರಗೆ ಬಿಡದೆ ಬೀಸುವ ಗಾಳಿ. ದಿನಾ ಒಂದೊಂದು ಬೇಯಿಸಿದ ಆಲೂಗಡ್ಡೆ, ಬಿಸಿಬಿಸಿಯಾಗಿ ಕೈಯಲ್ಲೇ ಸುಲಿದು ತಿನ್ನುತ್ತಾರೆ. ಕುದುರೆ ಹೊರಡುವುದಿಲ್ಲ ಎನ್ನುತ್ತದೆ, ಬಾವಿ ಬತ್ತುತ್ತದೆ. ಅವ್ವ ಕಂಬಳಿ ಹೊದ್ದು ಪಕ್ಕದಲ್ಲಿ ಕೂತು ನನಗಿಂತ ಆಸಕ್ತಿಯಿಂದ ನೋಡುತ್ತಿದ್ದರು. ಕೊನೆಗೆ ಎಣ್ಣೆ ತುಂಬಿದ್ದರೂ ಅವರ ದೀಪ ಹೊತ್ತಿಕೊಳ್ಳುವುದಿಲ್ಲ, ಪರದೆ ಕಪ್ಪಾಗುತ್ತದೆ.

‘ಪಾಪ, ಅವರಿಗೂ ಹೋಯ್ತಾ?’ ಎಂದರು ಅವ್ವ.

‘ಹೋಯ್ತು ಅವ್ವಾ.’

‘ಲೈನ್‌ಮ್ಯಾನ್‌ಗೆ ಹೇಳಿದ್ದಾರಾ?’

ನಾನು ಉತ್ತರ ಹುಡುಕುವಷ್ಟರಲ್ಲಿ ನಮ್ಮ ಲ್ಯಾಪ್‌ಟಾಪೂ ಆರಿತು.