ಪಾತ್ರಕ್ಕೆ ತೀರ್ಪು ಕೊಡುವ ಮೊದಲು ಮಕ್ಕಳು ಅದನ್ನು ಗಮನಿಸಲಿ

ಪ್ರಾಥಮಿಕ ತರಗತಿಯಲ್ಲಿ ಕಥೆ ಮುಗಿದ ಕೂಡಲೇ ಸಾಮಾನ್ಯವಾಗಿ ಎರಡು ಪ್ರಶ್ನೆ ಬರುತ್ತವೆ. "ಈ ಕಥೆಯ ನೀತಿ ಏನು?" ಮತ್ತು "ಇವನು ಒಳ್ಳೆಯವನೋ ಕೆಟ್ಟವನೋ?" ಮಕ್ಕಳು ಬಲು ಚುರುಕು. ಟೀಚರ್‌ಗೆ ಯಾವ ಉತ್ತರ ಬೇಕು ಅನ್ನುವುದು ಅವರಿಗೆ ಪುಸ್ತಕ ತೆರೆಯುವ ಮೊದಲೇ ಗೊತ್ತಿರುತ್ತದೆ. ಇಡೀ ತರಗತಿ ಒಕ್ಕೊರಲಿನಿಂದ ಉತ್ತರ ಹೇಳುತ್ತದೆ, ಬೋರ್ಡಿನ ಮೇಲೆ ಬರೆಯುತ್ತೇವೆ, ನೋಟ್ಸ್‌ಗೆ ಇಳಿಯುತ್ತದೆ, ಪರೀಕ್ಷೆಯಲ್ಲಿ ಹಾಗೇ ವಾಪಸ್ ಬರುತ್ತದೆ. ಆ ಪಾತ್ರ ಹಾಗೇಕೆ ನಡೆದುಕೊಂಡಿತು ಅಂತ ಯಾವ ಮಗುವೂ ಒಂದು ಗಳಿಗೆ ಯೋಚಿಸಿರುವುದಿಲ್ಲ. ಮಕ್ಕಳಿಗೆ ಓದು ಕಲಿಸುವ ಕೆಲಸವನ್ನು ಪ್ರೀತಿಸುವವಳಾಗಿ ನನಗೆ ಇದು ನಿಜಕ್ಕೂ ಸಂಕಟದ ಸಂಗತಿ. ಹಾಗಾಗಿ ಈ ಉದ್ದನೆಯ ಪೋಸ್ಟ್.

ರೀಡಿಂಗ್ ವರ್ಕ್‌ಶಾಪ್, ಅಂದರೆ ಓದಿನ ಕಮ್ಮಟ, ಎಂಬ ಪದ್ಧತಿಯ ಬಗ್ಗೆ ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಅದರ ಚೌಕಟ್ಟು ಸರಳ. ಮೊದಲ ಹತ್ತು ನಿಮಿಷ ಒಂದು ಕಿರುಪಾಠ: ಓದಿನ ಒಂದೇ ಒಂದು ವಿಷಯ, ಒಂದು ಕಥೆಯ ತುಣುಕಿನ ಮೂಲಕ. ಆಮೇಲೆ ಅರ್ಧ ಗಂಟೆಯಷ್ಟು ಹೊತ್ತು ಪ್ರತಿ ಮಗು ತಾನೇ ಆರಿಸಿಕೊಂಡ ಪುಸ್ತಕ ಓದುತ್ತದೆ, ಟೀಚರ್ ಒಬ್ಬೊಬ್ಬರ ಪಕ್ಕ ಹೋಗಿ ಕೂತು ಮಾತಾಡುತ್ತಾರೆ. ಕೊನೆಗೆ ಐದು ನಿಮಿಷ ಎಲ್ಲರೂ ಸೇರಿ ಕಂಡದ್ದನ್ನು ಹಂಚಿಕೊಳ್ಳುವುದು. ಹೊರಗಿನಿಂದ ನೋಡಿದರೆ ಪಾಠವೇ ನಡೆಯುತ್ತಿಲ್ಲ ಅನ್ನಿಸಬಹುದು. ಪಾತ್ರಗಳನ್ನು ಅರ್ಥ ಮಾಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಕಂಡಿಲ್ಲ.

ಒಂದು ಕಥೆ ಕಟ್ಟಿ ಹೇಳುತ್ತೇನೆ. ಒಬ್ಬ ಹುಡುಗಿ ಗೆಳತಿಯ ಬಣ್ಣದ ಪೆಟ್ಟಿಗೆ ಕೇಳಿ ಪಡೆಯುತ್ತಾಳೆ. ನೀಲಿ ಬಣ್ಣದ ಕಡ್ಡಿ ಮುರಿದುಹೋಗುತ್ತದೆ. ಎರಡೂ ತುಂಡುಗಳನ್ನು ಜೋಡಿಸಿಟ್ಟು, ಮುಚ್ಚಳ ಹಾಕಿ, ಏನೂ ಹೇಳದೆ ಹಿಂದಿರುಗಿಸುತ್ತಾಳೆ. ಮರುದಿನ ಬೆಳಿಗ್ಗೆ ತನ್ನ ಹೊಸ ಪೆನ್ಸಿಲನ್ನು ಗೆಳತಿಗೆ ಕೊಡುತ್ತಾಳೆ. ಗೆಳತಿ "ಯಾಕೆ?" ಅಂದರೆ "ಸುಮ್ನೆ" ಅನ್ನುತ್ತಾಳೆ.

ಇವಳು ಒಳ್ಳೆಯವಳೋ ಕೆಟ್ಟವಳೋ ಅಂತ ಕೇಳಿದರೆ ಕಥೆ ಅಲ್ಲೇ ಸತ್ತುಹೋಗುತ್ತದೆ. "ಅವಳು ಆ ಪೆನ್ಸಿಲ್ ಯಾಕೆ ಕೊಟ್ಟಳು?" ಅಂತ ಕೇಳಿ ನೋಡಿ. ತಪ್ಪು ಮುಚ್ಚಿಹಾಕುವುದಕ್ಕೆ ಅಂತ ಒಂದು ಮಗು ಹೇಳಬಹುದು. ಇನ್ನೊಂದು ಮಗುವಿಗೆ ಅವಳು ಬೈಸಿಕೊಳ್ಳಲು ಹೆದರಿದ್ದಾಳೆ ಅನ್ನಿಸಬಹುದು. ರಾತ್ರಿಯೆಲ್ಲ ಅವಳಿಗೆ ಬೇಜಾರಾಗಿದೆ, ಬಾಯಿಬಿಟ್ಟು ಹೇಳಲು ಆಗುತ್ತಿಲ್ಲ ಅಂತ ಮತ್ತೊಂದು. ಮೂರೂ ಉತ್ತರಕ್ಕೆ ಕಥೆಯಲ್ಲಿ ಜಾಗವಿದೆ. ಆಗ ಕೇಳಬೇಕಾದ ಮುಂದಿನ ಪ್ರಶ್ನೆ: "ಯಾವ ಸಾಲು ಓದಿ ನಿನಗೆ ಹಾಗನ್ನಿಸಿತು?" ಮಗು ಪುಟ ತಿರುವಿ ಹಿಂದಕ್ಕೆ ಹೋಗುತ್ತದೆ. ತುಂಡುಗಳನ್ನು ಜೋಡಿಸಿಟ್ಟದ್ದನ್ನು ಗಮನಿಸುತ್ತದೆ. "ಸುಮ್ನೆ" ಅನ್ನುವ ಮಾತಿನ ಹಿಂದೆ ಏನೋ ಇದೆ ಅನ್ನುವುದು ಹೊಳೆಯುತ್ತದೆ. ನನ್ನ ಮಟ್ಟಿಗೆ ಪಾತ್ರವನ್ನು ಓದುವುದು ಶುರುವಾಗುವುದು ಅಲ್ಲಿಂದ.

ಈ ವಯಸ್ಸಿನ ಮಕ್ಕಳಿಗೆ ಇಷ್ಟೆಲ್ಲ ಸಾಧ್ಯವೇ ಅನ್ನುವವರಿಗೆ ಮನಶ್ಶಾಸ್ತ್ರದ ಎರಡು ಪ್ರಯೋಗ ನೆನಪಿಸುತ್ತೇನೆ. 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ ಚಿಕ್ಕ ಮಕ್ಕಳಿಗೆ ಮ್ಯಾಕ್ಸಿ ಅನ್ನುವ ಹುಡುಗನ ಕಥೆ ಹೇಳಿದರು. ಮ್ಯಾಕ್ಸಿ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ, ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಇಡುತ್ತಾಳೆ. ವಾಪಸ್ ಬಂದವನು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಚಾಕೊಲೇಟ್ ಈಗ ಇರುವ ಜಾಗವನ್ನೇ ತೋರಿಸುತ್ತಾರೆ. ತಮಗೆ ಗೊತ್ತಿರುವುದು ಮ್ಯಾಕ್ಸಿಗೆ ಗೊತ್ತಿಲ್ಲ ಅನ್ನುವುದು ನಾಲ್ಕೈದು ವರ್ಷದ ಹೊತ್ತಿಗೆ ಹೆಚ್ಚಿನವರಿಗೆ ತಿಳಿಯತೊಡಗುತ್ತದೆ. 1985ರಲ್ಲಿ ಅದೇ ಇಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಒಬ್ಬನ ಮನಸ್ಸಿನಲ್ಲಿ ಏನಿದೆ ಅಂತ ಇನ್ನೊಬ್ಬ ಅಂದುಕೊಂಡಿದ್ದಾನೆ ಅನ್ನುವುದನ್ನು ಮಕ್ಕಳು ಯಾವಾಗ ಹಿಡಿಯುತ್ತಾರೆ? ಸುಮಾರು ಆರೇಳು ವರ್ಷದಿಂದ ಮುಂದಕ್ಕೆ. ಅಂದರೆ ಒಂದನೇ, ಎರಡನೇ ತರಗತಿಯ ಆಸುಪಾಸು. "ತಾನು ಕಡ್ಡಿ ಮುರಿದದ್ದು ಗೆಳತಿಗೆ ಗೊತ್ತಾಗಿಬಿಟ್ಟಿದೆ ಅಂತ ಅವಳು ಅಂದುಕೊಂಡಿರಬಹುದಾ?" ಅನ್ನುವ ಪ್ರಶ್ನೆಗೆ ಮಕ್ಕಳ ಮನಸ್ಸು ಆಗಷ್ಟೇ ಸಜ್ಜಾಗುತ್ತಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಾವು ಬಿಟ್ಟ ಸ್ಥಳ ತುಂಬಿ ಅನ್ನುತ್ತೇವೆ.

ಕಿರುಪಾಠಗಳಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಭಾವನೆ ಮತ್ತು ಗುಣದ ನಡುವಿನ ವ್ಯತ್ಯಾಸಕ್ಕೆ. ಕಥೆಯಲ್ಲಿ ಹುಡುಗ ಒಮ್ಮೆ ಸಿಟ್ಟಿನಿಂದ ಬಾಗಿಲು ಬಡಿದ. ಅವನು ಮುಂಗೋಪಿಯೋ ಅಥವಾ ಆ ದಿನ ಅವನಿಗೆ ಸಿಟ್ಟು ಬಂದಿತ್ತೋ? ಮಕ್ಕಳು ಈ ಪ್ರಶ್ನೆಯ ಮೇಲೆ ನಿಜವಾಗಿಯೂ ಜಗಳಾಡುತ್ತಾರೆ, ಆಡಲಿ. ಭಾವನೆ ಪುಟದಿಂದ ಪುಟಕ್ಕೆ ಬದಲಾಗಬಹುದು. ಗುಣ ಅನ್ನಬೇಕಾದರೆ ಅದು ಮತ್ತೆ ಮತ್ತೆ, ಬೇರೆ ಬೇರೆ ಸಂದರ್ಭದಲ್ಲಿ ಕಾಣಿಸಬೇಕು. ಹೀಗಾಗಿ ಒಂದು ಘಟನೆ ಓದಿ ಗುಣ ಹೇಳುವ ಮಗುವಿಗೆ "ಇನ್ನೊಂದು ಕಡೆ ಎಲ್ಲಿ ಹಾಗೆ ಮಾಡಿದ್ದಾನೆ, ಹುಡುಕು" ಅಂತ ಹೇಳಿದರೆ ಸಾಕು. ಸಿಕ್ಕರೆ ಮಾತಿಗೆ ಬಲ ಬಂತು. ಸಿಗದಿದ್ದರೆ ಮಗು ತಾನೇ ತನ್ನ ಮಾತನ್ನು ತಿದ್ದಿಕೊಳ್ಳುತ್ತದೆ. ತರಗತಿಯಲ್ಲಿ ಪಕ್ಕದಲ್ಲಿ ಕೂತವನ ಬಗ್ಗೆಯೂ ಹೀಗೇ ಯೋಚಿಸುವುದು ಸಾಧ್ಯವಲ್ಲವೇ ಅನ್ನುವ ಆಸೆ ನನಗಿದೆ. ಕಥೆಯಿಂದ ಬದುಕಿಗೆ ಅದು ತಾನಾಗೇ ದಾಟುತ್ತದೆ ಅಂತ ಮಾತ್ರ ಹೇಳಲಾರೆ.

ಇದಕ್ಕೆ ಮಾತುಗಳೂ ಬೇಕು. ಎಷ್ಟೋ ಮಕ್ಕಳ ಬಳಿ ಪಾತ್ರಗಳಿಗೆ ಇರುವುದು ಒಳ್ಳೆಯ, ಕೆಟ್ಟ, ಜಾಣ, ದಡ್ಡ ಅನ್ನುವಷ್ಟೇ. ಹಠಮಾರಿ, ಅಂಜುಬುರುಕ, ಉದಾರಿ, ಸ್ವಾಭಿಮಾನಿ, ಮುಂಗೋಪಿ, ಸಂಕೋಚದ ಸ್ವಭಾವ, ಹೊಟ್ಟೆಕಿಚ್ಚು, ಛಲ... ಒಂದೊಂದನ್ನೂ ಅದು ಹೊಂದುವ ಪಾತ್ರ ಎದುರಾದಾಗಲೇ ಕೊಡಬೇಕು. ಗೋಡೆಯ ಮೇಲೆ ಗುಣಗಳ ದೊಡ್ಡ ಪಟ್ಟಿ ಅಂಟಿಸಿ "ಇದರಿಂದ ಒಂದನ್ನು ಆರಿಸಿ" ಅನ್ನುವ ವರ್ಕ್‌ಶೀಟ್ ನನಗೆ ಇಷ್ಟವಿಲ್ಲ. ಅಲ್ಲಿ ಮಗು ಪಟ್ಟಿಯನ್ನು ಓದುತ್ತದೆ, ಕಥೆಯನ್ನು ಓದುವುದಿಲ್ಲ.

ಪಕ್ಕದಲ್ಲಿ ಕೂತು ಮಾತಾಡುವ ಆ ಎರಡು ಮೂರು ನಿಮಿಷದ ಬಗ್ಗೆ ಸ್ವಲ್ಪ ಹೇಳಬೇಕು. ಟೀಚರ್ ಅಲ್ಲಿ ಪರೀಕ್ಷಕಿ ಆಗಬಾರದು. "ಇವನ ಬಗ್ಗೆ ನಿನಗೇನು ಅನ್ನಿಸ್ತಿದೆ?" ಅಂತ ಕೇಳಿ ಸುಮ್ಮನಿರಬೇಕು. ಸುಮ್ಮನಿರುವುದು ನಮಗೆ ಬಹಳ ಕಷ್ಟ. ಮಗು ತಡವರಿಸಿದ ಕೂಡಲೇ ಉತ್ತರವನ್ನು ನಾವೇ ಬಾಯಿಗೆ ಇಟ್ಟುಬಿಡುತ್ತೇವೆ. ಕಾದರೆ ಬರುವ ಉತ್ತರ ಅರ್ಧಂಬರ್ಧವಾಗಿರಬಹುದು, ಆದರೆ ಅದು ಆ ಮಗುವಿನದೇ ಉತ್ತರ. "ಮೊದಲು ಅವನು ಸೊಕ್ಕಿನವನು ಅನ್ಕೊಂಡಿದ್ದೆ, ಈಗ ಹಾಗೆ ಅನ್ನಿಸ್ತಿಲ್ಲ ಮಿಸ್" ಅಂತ ಒಂದು ಮಗು ಹೇಳಿದರೆ ಆ ದಿನದ ಪಾಠ ಸಾರ್ಥಕ. ಓದುತ್ತ ಓದುತ್ತ ಅಭಿಪ್ರಾಯ ಬದಲಾಗುವುದನ್ನು ನಾವು ತಪ್ಪು ಉತ್ತರ ಅಂತ ನೋಡುವುದನ್ನು ಬಿಡಬೇಕು.

ಈ ಪದ್ಧತಿಯ ಮೇಲಿನ ಟೀಕೆಯನ್ನೂ ಇಲ್ಲೇ ಎತ್ತುತ್ತೇನೆ, ಅದು ಹಗುರವಾದದ್ದಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಲೂಸಿ ಕಾಲ್ಕಿನ್ಸ್ ಕಟ್ಟಿದ ಓದು-ಬರಹದ ಯೋಜನೆ ವರ್ಕ್‌ಶಾಪ್ ಮಾದರಿಯನ್ನು ಅಲ್ಲಿನ ಅಸಂಖ್ಯ ಶಾಲೆಗಳಿಗೆ ತಲುಪಿಸಿತು. ಗೊತ್ತಿಲ್ಲದ ಪದವನ್ನು ಅಕ್ಷರ ಕೂಡಿಸಿ ಓದಿಸುವ ಬದಲು ಚಿತ್ರ ನೋಡಿ, ಸಂದರ್ಭ ನೋಡಿ ಊಹಿಸಲು ಹೇಳಿಕೊಡುತ್ತದೆ ಅನ್ನುವ ತೀವ್ರ ಆಕ್ಷೇಪ ಅದರ ಮೇಲೆ ಬಂತು. 2023ರಲ್ಲಿ ಕಾಲೇಜು ಆ ಯೋಜನೆಯನ್ನೇ ಕೊನೆಗೊಳಿಸಿತು. ಆಕ್ಷೇಪ ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ಅಕ್ಷರ, ಕಾಗುಣಿತ, ಒತ್ತಕ್ಷರವನ್ನು ಕ್ರಮವಾಗಿ ಕಲಿಸಲೇಬೇಕು. ಸಾಲನ್ನು ಸರಾಗವಾಗಿ ಓದಲು ಬಾರದ ಮಗುವನ್ನು ಅರ್ಧ ಗಂಟೆ ಪುಸ್ತಕದ ಜೊತೆ ಒಂಟಿಯಾಗಿ ಕೂರಿಸಿದರೆ ಅದು ಓದಿನ ಹೆಸರಲ್ಲಿ ಕೊಡುವ ಶಿಕ್ಷೆ. ಆ ಮಗುವಿಗೆ ಅಕ್ಷರದ ಪಾಠ ಬೇರೆಯಾಗಿ ನಡೆಯಲಿ, ಪಾತ್ರದ ಮಾತುಕತೆಗೆ ಗಟ್ಟಿಯಾಗಿ ಓದಿ ಹೇಳಿದ ಕಥೆ ಇರಲಿ. ಕಿವಿಯಿಂದ ಕೇಳಿದ ಕಥೆಯ ಪಾತ್ರವನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ಅದು ಯಾರಿಗೂ ಹಿಂದೆ ಬೀಳಬೇಕಿಲ್ಲ.

ಇನ್ನೊಂದು ಟೀಕೆ ಹಿನ್ನೆಲೆ ಜ್ಞಾನದ್ದು: ಬರಹದ ವಿಷಯವೇ ಗೊತ್ತಿಲ್ಲದ ಮಗುವಿಗೆ ಓದುವ ಕೌಶಲವೊಂದೇ ಸಾಲದು ಅನ್ನುವುದು. 1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸ್‌ಬಾಲ್ ಚೆನ್ನಾಗಿ ಗೊತ್ತಿದ್ದ ದುರ್ಬಲ ಓದುಗರು, ಆಟ ಗೊತ್ತಿಲ್ಲದ ಉತ್ತಮ ಓದುಗರಿಗಿಂತ ಬೇಸ್‌ಬಾಲ್ ಪಂದ್ಯದ ಬರಹವನ್ನು ಚೆನ್ನಾಗಿ ನೆನಪಿಟ್ಟುಕೊಂಡರು. ಪಾತ್ರಗಳಿಗೂ ಇದು ಸಲ್ಲುತ್ತದೆ. ಮೀನುಗಾರನ ಮಗಳ ಕಥೆಯಲ್ಲಿ ಅಪ್ಪ ಸಮುದ್ರಕ್ಕೆ ಹೋದ ರಾತ್ರಿ ಗಾಳಿ ಎದ್ದರೆ ಅವಳು ಯಾಕೆ ನಿದ್ದೆ ಮಾಡುವುದಿಲ್ಲ? ದೋಣಿ, ಅಲೆ, ಬಿರುಗಾಳಿ ಅಂದರೇನು ಅಂತ ತಿಳಿಯದ ಮಗುವಿಗೆ "ಪಾತ್ರದ ಭಾವನೆ ಊಹಿಸು" ಅಂದರೆ ಏನು ಊಹಿಸಬೇಕು? ಹಾಗಾಗಿ ಕಥೆಯ ಜೊತೆಗೆ ಅದರ ಲೋಕವನ್ನೂ ಪರಿಚಯಿಸಬೇಕು. ಕೆಲವೊಮ್ಮೆ ಕಿರುಪಾಠದ ಹತ್ತು ನಿಮಿಷ ಪೂರ್ತಿ ಅದಕ್ಕೇ ಹೋದರೂ ಚಿಂತೆಯಿಲ್ಲ.

ತರಗತಿಯಲ್ಲಿ ಮಕ್ಕಳು ಜಾಸ್ತಿ, ಪುಸ್ತಕ ಕಡಿಮೆ ಅಂತ ಅನೇಕ ಟೀಚರ್‌ಗಳು ಹೇಳುತ್ತಾರೆ. ನಿಜ, ಅದು ದೊಡ್ಡ ಕಷ್ಟ. ಪುಸ್ತಕ ಒಂದೇ ಇದ್ದರೆ ಗಟ್ಟಿಯಾಗಿ ಓದಿ, ಪಾತ್ರ ತಿರುವು ತೆಗೆದುಕೊಳ್ಳುವ ಜಾಗದಲ್ಲಿ ನಿಲ್ಲಿಸಿ, ಜೋಡಿಯಾಗಿ ಮಾತಾಡಿಸಿ. ಒಬ್ಬೊಬ್ಬರ ಪಕ್ಕ ಕೂರುವುದನ್ನು ಒಂದೇ ದಿನ ಮುಗಿಸಬೇಕಿಲ್ಲ, ವಾರ ಎರಡು ವಾರಕ್ಕೆ ಹಂಚಿಕೊಳ್ಳಬಹುದು.

ಕೊನೆಗೆ ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ವಿನಂತಿ. ಅಲ್ಲಿ ಬದಲಾಗದೆ ತರಗತಿಯಲ್ಲಿ ಏನು ಮಾಡಿದರೂ ಮಕ್ಕಳು ಮತ್ತೆ ಬಾಯಿಪಾಠಕ್ಕೇ ಮರಳುತ್ತಾರೆ. "ನೀತಿ ಬರೆಯಿರಿ" ಅನ್ನುವ ಜಾಗದಲ್ಲಿ ಮಕ್ಕಳು ಮೊದಲು ಓದಿರದ ಒಂದು ಪುಟ್ಟ ಕಥೆ ಕೊಡಿ. "ಈ ಪಾತ್ರ ಹೀಗೇಕೆ ಮಾಡಿತು ಅಂತ ನಿಮಗನ್ನಿಸುತ್ತದೆ? ಕಥೆಯ ಯಾವ ಸಾಲು ನಿಮಗೆ ಅದನ್ನು ತಿಳಿಸಿತು?" ಅಂತ ಕೇಳಿ. ಸಾಲು ತೋರಿಸಿ ವಿವರಿಸಿದ್ದರೆ, ಒಂದಕ್ಕೊಂದು ವಿರುದ್ಧವಾದ ಎರಡು ಉತ್ತರಕ್ಕೂ ಪೂರ್ತಿ ಅಂಕ ಕೊಡಿ.