ಬಂಗಾರದ ತಾಸಿಗೊಂದು ರಿಬ್ಬನ್

ಆಮಂತ್ರಣ ಬಂದದ್ದು ಡಬ್ಬಿಯಲ್ಲಿ. ಮೇಲೆ ಮಖಮಲ್ಲು, ಒಳಗೆ ನಾಲ್ಕು ಗೋಡಂಬಿ, ಎರಡು ಅಂಜೂರ, ಅವುಗಳ ಅಡಿಯಲ್ಲಿ ರಟ್ಟಿನಷ್ಟು ದಪ್ಪದ ಕಾರ್ಡು. ಯಾರೋ ದೊಡ್ಡವರ ಮಗಳ ಮದುವೆ ಇರಬೇಕೆಂದು ನಮ್ಮ ಮನೆಯವಳು ಮುಯ್ಯಿಯ ಲೆಕ್ಕಕ್ಕೆ ಇಳಿದಿದ್ದಳು. ಬಿಚ್ಚಿ ನೋಡಿದರೆ ಮದುವೆಯಲ್ಲ, ಅಪಘಾತ. ಬಳ್ಳಾರಿಯ ಒಂದು ಆಸ್ಪತ್ರೆಗೆ ಟ್ರಾಮಾ ಸೆಂಟರ್, ಅಂದರೆ ಗಾಯಾಳುಗಳ ತುರ್ತು ಚಿಕಿತ್ಸೆಯ ಕೇಂದ್ರ, ಕಟ್ಟಿಸಲು ನಿಧಿ ಕೂಡಿಸುವ ‘ಗಾಲಾ ನೈಟ್’. ಸಂಜೆ ಏಳಕ್ಕೆ. ಉಡುಪು ಕಪ್ಪು ಇಲ್ಲವೇ ಬಂಗಾರದ ಬಣ್ಣದ್ದು. ಪ್ಲಾಟಿನಂ ಟೇಬಲ್, ಗೋಲ್ಡ್ ಟೇಬಲ್, ಸಿಲ್ವರ್ ಟೇಬಲ್ ಎಂದು ಮೂರು ದರ. ಕಬ್ಬಿಣದ ಅದಿರು ತಿಂದು ಬೆಳೆದ ಊರಲ್ಲಿ ಕಬ್ಬಿಣದ ಟೇಬಲ್ ಮಾತ್ರ ಇರಲಿಲ್ಲ.

ಡಬ್ಬಿ ನನಗೆ ಬಂದದ್ದಲ್ಲ. ನಮ್ಮ ಓಣಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಗೆಳೆಯನಿಗೆ ಕೊಟ್ಟದ್ದು. ವೇದಿಕೆಯ ಬ್ಯಾನರು, ಬಾಗಿಲ ಕಮಾನು, ಆರು ಅಡಿಯ ಥರ್ಮಾಕೋಲ್ ಚೆಕ್ಕು ಎಲ್ಲ ಅವನ ಕೆಲಸ. ಬಿಲ್ಲು ಕೇಳಿದ್ದಕ್ಕೆ ಸಂಘಟಕರು ಎರಡು ಸಿಲ್ವರ್ ಪಾಸು ಕೈಗಿಟ್ಟು, “ಉಳಿದದ್ದು ಸೇವೆ ಅನ್ಕೋರಿ” ಅಂದರಂತೆ.

“ಗಾಲಾ ಅಂದ್ರ ಏನಲೇ?” ಅಂತ ಕೇಳಿದೆ.

“ಗಾಳ ಇದ್ದಂಗ ನೋಡಪ. ಹುಳಾನೂ ನಾವಾ, ಮೀನೂ ನಾವಾ” ಅಂದ.

ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಕಪ್ಪು ಕೋಟು ತೊಡುವುದೇ ಒಂದು ತುರ್ತು ಚಿಕಿತ್ಸೆಯ ಕೇಸು. ಸಂಜೆ ಏಳಾದರೂ ಕೋಟೆಗುಡ್ಡದ ಬಂಡೆ ಹಗಲಿಡೀ ಕುಡಿದ ಬಿಸಿಲನ್ನು ಊರಿನ ಮೇಲೆ ಉಗುಳುತ್ತಿರುತ್ತದೆ. ಹಾಲ್ ಎದುರಿಗೆ ಕಾರಿನಿಂದ ಇಳಿಯುವವರು ಎ.ಸಿ.ಯಿಂದ ಎ.ಸಿ.ಗೆ ಓಡುವ ಇಪ್ಪತ್ತು ಹೆಜ್ಜೆಯಲ್ಲೇ ಬೆವರಿ ಬಣ್ಣಗೆಡುತ್ತಿದ್ದರು. ಕಾರುಗಳು ಒಳಗೆ ಹಿಡಿಸದೆ ಹೆದ್ದಾರಿಯ ಮೇಲೂ ಎರಡು ಸಾಲು ನಿಂತಿದ್ದವು. ತೋರಣಗಲ್ಲಿನ ಕಡೆಯಿಂದ ಬಂದ ಅದಿರು ಲಾರಿಗಳು ಅವನ್ನು ಸವರಿಕೊಂಡೇ ಹಾರ್ನು ಹೊಡೆಯುತ್ತ ಹೋಗುತ್ತಿದ್ದವು. ಟ್ರಾಮಾ ಸೆಂಟರ್ ಯಾಕೆ ಬೇಕು ಎಂಬ ವಿಷಯಕ್ಕೆ ಒಳಗಿನ ಯಾವ ಭಾಷಣವೂ ಆ ಎರಡು ಸಾಲಿನಷ್ಟು ಚೆನ್ನಾಗಿ ಪುರಾವೆ ಕೊಡಲಿಲ್ಲ.

ಬಾಗಿಲಲ್ಲಿ ಆಸ್ಪತ್ರೆಯ ಒಂದು ಆಂಬುಲೆನ್ಸನ್ನು ತೊಳೆದು, ಆಯುಧಪೂಜೆಯ ಬಸ್ಸಿನಂತೆ ಚೆಂಡುಹೂವು ಸುತ್ತಿ, ಬಾಳೆಕಂದು ಕಟ್ಟಿ ನಿಲ್ಲಿಸಿದ್ದರು. ಪ್ರದರ್ಶನಕ್ಕೆ. ಅದರ ಸ್ಟ್ರೆಚರು ವೇದಿಕೆಯ ಮೇಲಿತ್ತು. ಅದರ ಮೇಲೆ ಗೆಳೆಯನ ಥರ್ಮಾಕೋಲ್ ಚೆಕ್ಕನ್ನು ಮಲಗಿಸಿ, ಉರುಳದ ಹಾಗೆ ಕೆಂಪು ರಿಬ್ಬನ್ನಿನಿಂದ ಹಿಂದೆ ಮುಂದೆ ಬಿಗಿದಿದ್ದರು. ಮುಖ್ಯ ಅತಿಥಿಗಳು ಬಂದು ರಿಬ್ಬನ್ ಕತ್ತರಿಸಿದರೆ ಚೆಕ್ಕು ಎದ್ದು ನಿಲ್ಲುತ್ತದೆ, ಮೇಲಿಂದ ಹೂವು ಸುರಿಯುತ್ತದೆ. ಇದು ಆ ರಾತ್ರಿಯ ಮುಖ್ಯ ಶಸ್ತ್ರಚಿಕಿತ್ಸೆ.

ಮುಖ್ಯ ಅತಿಥಿಗಳು ಸಂಡೂರು ದಾಟಿದ್ದಾರೆ ಎಂದು ಏಳೂವರೆಗೆ ಹೇಳಿದರು. ಎಂಟಕ್ಕೂ ದಾಟುತ್ತಲೇ ಇದ್ದರು.

ಅಲ್ಲಿಯವರೆಗೆ ಜನರನ್ನು ಹಿಡಿದಿಡಬೇಕಲ್ಲ, ಬೆಂಗಳೂರಿನಿಂದ ಕರೆಸಿದ ನಿರೂಪಕಿ ‘ಗೋಲ್ಡನ್ ಅವರ್’ ಕುರಿತು ಮಾತಾಡಿದರು. ಒಳ್ಳೆಯ ಮಾತು, ನಿಜವಾದ ಮಾತು. ಪೆಟ್ಟು ಬಿದ್ದ ಮೊದಲ ಒಂದು ತಾಸಿನಲ್ಲಿ ರಕ್ತ ನಿಲ್ಲಿಸಿ, ಉಸಿರಾಟದ ದಾರಿ ಸರಿಮಾಡಿ, ಸರಿಯಾದ ಜಾಗಕ್ಕೆ ಮುಟ್ಟಿಸಿದರೆ ಬದುಕುವ ಸಾಧ್ಯತೆ ಹೆಚ್ಚು. ಆ ಮಾತನ್ನು ಚಾಲ್ತಿಗೆ ತಂದವನು ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ಆರ್ ಆಡಮ್ಸ್ ಕೌಲಿ. ಆ ‘ಆರ್’ ಇನಿಷಿಯಲ್ ಅಲ್ಲ, ಹೆಸರೇ ಅಷ್ಟು. ಕೌಲಿ ಅಂದ ಕೂಡಲೇ ಗೆಳೆಯ ನನ್ನ ಕಡೆ ಬಾಗಿ, “ನಮ್ಮ ಕೌಲ್ ಬಜಾರಿನವ್ರಾ?” ಅಂದ.

ಅಲ್ಲ ಅಂದೆ. ಆದರೆ ಆ ಪುಣ್ಯಾತ್ಮನ ಕತೆಯಲ್ಲಿ ನಿರೂಪಕಿ ಹೇಳದೇ ಬಿಟ್ಟ ಭಾಗವೇ ನನಗೆ ಇಷ್ಟ. 1960ರ ಸುಮಾರಿಗೆ ಆತ ಶುರುಮಾಡಿದ್ದು ಎರಡೇ ಹಾಸಿಗೆಯಿಂದ. ಬೇರೆ ವೈದ್ಯರು ಅದನ್ನು ‘ಸಾವಿನ ಲ್ಯಾಬು’ ಎಂದು ಆಡಿಕೊಂಡರು. ಆಮೇಲೆ ಗಾಯಾಳುಗಳನ್ನು ತರಲು ಪೊಲೀಸರ ಹೆಲಿಕಾಪ್ಟರನ್ನೇ ಹಚ್ಚಿಸಿದ. ಹೆಲಿಕಾಪ್ಟರ್ ನೋಡದ ಊರು ನಮ್ಮದೂ ಅಲ್ಲ ಬಿಡಿ. ಗಣಿ ಸುಗ್ಗಿಯ ದಿನಗಳಲ್ಲಿ ಇಲ್ಲಿನ ಆಕಾಶದಲ್ಲಿ ಹದ್ದಿಗಿಂತ ಅವೇ ಹೆಚ್ಚು ಅಂತ ನಗೆಯಾಡುತ್ತಿದ್ದೆವು. ಅವುಗಳಲ್ಲಿ ಮಲಗಿ ಬಂದವರನ್ನು ಮಾತ್ರ ನಾನು ಕಂಡಿಲ್ಲ, ಎಲ್ಲರೂ ಕೂತೇ ಬರುತ್ತಿದ್ದರು. ಕೌಲಿಯ ಆಸ್ಪತ್ರೆಗೂ ವರ್ಷಕ್ಕೊಮ್ಮೆ ಗಾಲಾ ನಡೆಯುತ್ತದೆ. ಅಲ್ಲಿ ವೇದಿಕೆಗೆ ಕರೆಯುವುದು ಸತ್ತೇ ಹೋದ ಅನ್ನುವಂತಿದ್ದು ಬದುಕಿದ ಗಾಯಾಳುವನ್ನು, ಅವನ ಜೊತೆಗೆ ಅವನನ್ನು ಉಳಿಸಿದ ಆಂಬುಲೆನ್ಸಿನವರು, ನರ್ಸುಗಳು, ವೈದ್ಯರನ್ನು. ನಮ್ಮವರು ಅಲ್ಲಿಂದ ಕಪ್ಪು ಕೋಟನ್ನಷ್ಟೇ ಆಮದು ಮಾಡಿಕೊಂಡಿದ್ದರು.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ನಿರೂಪಕಿ ಓದಿದರು. ಓದಿ, ಪರಿಣಾಮಕ್ಕೆಂದು ಸುಮ್ಮನೆ ನಿಂತರು. ಸಭೆ ಅದನ್ನು ಸಂಗ್ರಹವಾದ ಮೊತ್ತ ಅಂದುಕೊಂಡು ಚಪ್ಪಾಳೆ ತಟ್ಟಿತು.

ನಂತರ ಫ್ಯಾಷನ್ ಶೋ. ಬಳ್ಳಾರಿ ಅಂದಮೇಲೆ ಜೀನ್ಸ್ ಇರಲೇಬೇಕು. ಮೊಣಕಾಲು ಹರಿದ, ತೊಡೆಯ ಮೇಲೆ ಗೀಚಿದ, ಅಂಚು ಎಳೆ ಎಳೆಯಾಗಿ ಬಿಟ್ಟ ಪ್ಯಾಂಟು ತೊಟ್ಟ ಹುಡುಗ ಹುಡುಗಿಯರು ಒಬ್ಬರ ಹಿಂದೊಬ್ಬರು ಬಂದರು. ನಮ್ಮ ಟೇಬಲ್ಲಿನಲ್ಲಿದ್ದ ಒಬ್ಬ ಹಿರಿಯರು, ಹತ್ತಿ ವ್ಯಾಪಾರದವರು, ಬಹಳ ಹೊತ್ತು ನೋಡಿ ಮೆಲ್ಲಗೆ ಕೇಳಿದರು: “ಪಾಪ, ಇವ್ರೆಲ್ಲ ಬೈಕ್ ಮ್ಯಾಲಿಂದ ಬಿದ್ದವ್ರೇನ್ರಿ?” ಆ ಇಡೀ ರಾತ್ರಿಯಲ್ಲಿ ಗಾಯಾಳುಗಳ ಬಗ್ಗೆ ಕಳಕಳಿಯಿಂದ ಬಂದ ಪ್ರಶ್ನೆ ಅದೊಂದೇ.

ಹರಾಜಿಗೆ ಕಿನ್ನಾಳದ ಒಂದು ಮರದ ಕುದುರೆ, ಸಂಡೂರು ಲಂಬಾಣಿ ಕಸೂತಿಯ ಒಂದು ಶಾಲು. ಕುದುರೆಯನ್ನು ಒಬ್ಬ ಸಾಹುಕಾರರು ಕೊಂಡು ಅಲ್ಲಿಯೇ ಟ್ರಸ್ಟಿಗೆ ದಾನ ಕೊಟ್ಟರು. ಟ್ರಸ್ಟ್ ಅದನ್ನು ಮತ್ತೆ ಹರಾಜಿಗೆ ಇಟ್ಟಿತು. ಮೂರು ಸಲ ಮಾರಾಟವಾದ ಆ ಕುದುರೆಗೆ ಕೊನೆಗೆ ಯಾರೂ ರೊಕ್ಕ ಕೊಟ್ಟದ್ದು ಕಾಣಲಿಲ್ಲ, ಆದರೆ ಮೂವರಿಗೂ ಸನ್ಮಾನವಾಯಿತು.

ಪ್ಲಾಟಿನಂ ಟೇಬಲ್ಲುಗಳ ಕಡೆ ಗೆಳೆಯ ಕಣ್ಣಿನಲ್ಲೇ ತೋರಿಸಿದ. ಅದಿರು ಸಾಗಿಸುವ ಲಾರಿಗಳ ಮಾಲೀಕರು. ಫ್ಲೆಕ್ಸಿನ ಜೊತೆ ಅವನು ರೇಡಿಯಂ ಅಂಟಿಸುವ ಕೆಲಸವನ್ನೂ ಮಾಡುತ್ತಾನೆ, ಹಾಗಾಗಿ ಯಾವ ಲಾರಿಯ ಹಿಂಭಾಗ ಹೇಗಿದೆ ಅನ್ನುವುದು ಅವನಿಗೆ ಬಾಯಿಪಾಠ. “ಹಿಂದ ಕೆಂಪು ಪಟ್ಟಿ ಹಚ್ಚಸ್ರಿ, ಕತ್ತಲಾಗ ಬೈಕಿನವ್ರಿಗೆ ಕಾಣ್ತೈತಿ ಅಂದ್ರ, ಈ ತಿಂಗಳು ಬ್ಯಾಡ ಖರ್ಚು ಬಾಳ ಅಂತಾರ. ಇಲ್ಲಿ ನೋಡು, ವೆಂಟಿಲೇಟರ್ ಬರಸ್ಯಾರ.”

ನನಗೆ ಇನ್ನೊಂದು ಸಂಶಯ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದಾಗಿನಿಂದ ಗಣಿ ಇರುವ ಜಿಲ್ಲೆಗೆಲ್ಲ ಜಿಲ್ಲಾ ಖನಿಜ ಪ್ರತಿಷ್ಠಾನ ಎಂದಿದೆ. ಹಳೆಯ ಗುತ್ತಿಗೆಯವರು ತಾವು ತೆಗೆದ ಅದಿರಿಗೆ ಸರ್ಕಾರಕ್ಕೆ ಕೊಡುವ ರಾಯಧನದ ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಅದಕ್ಕೆ ಕಟ್ಟಬೇಕು. ಗಣಿಯಿಂದ ಕಷ್ಟಪಟ್ಟ ಜನಕ್ಕೇ ಆ ಹಣ ಖರ್ಚಾಗಬೇಕು, ಮೊದಲ ಆದ್ಯತೆಯ ಸಾಲಿನಲ್ಲೇ ಆರೋಗ್ಯವಿದೆ. ರಾಜ್ಯದ ಕಬ್ಬಿಣದ ಅದಿರಿನ ದೊಡ್ಡ ಪಾಲು ತೆಗೆಯುವ ನಾಡಿನಲ್ಲಿ ಟ್ರಾಮಾ ಸೆಂಟರಿಗೆ ಮರದ ಕುದುರೆ ಮಾರುವ ಗತಿ ಯಾಕೆ ಬಂತು ಎಂದು ಗೆಳೆಯನನ್ನು ಕೇಳಿದೆ.

“ಆ ರೊಕ್ಕಕ್ಕ ಶಾಲು ಹೊದಸಾಕ ಬರೂದಿಲ್ಲಪ” ಅಂದ.

ಎಂಟೂ ಹತ್ತಕ್ಕೆ ಹುಡುಗ ಬಿದ್ದ.

ಕೇಟರಿಂಗಿನವನು. ಹದಿನೆಂಟೋ ಹತ್ತೊಂಬತ್ತೋ. ಬಿಳಿ ಕೈಗವಸು, ಅಳತೆಗೆ ದೊಡ್ಡದಾದ ಬೋ ಟೈ. ಮಿರ್ಚಿ ಮಂಡಕ್ಕಿಯನ್ನು ಚಮಚದಷ್ಟು ಚಮಚದಷ್ಟು ಗಾಜಿನ ಲೋಟದಲ್ಲಿ ತುಂಬಿ, ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟು ಹಂಚುತ್ತಿದ್ದರು. ಆ ತಟ್ಟೆ ಹಿಡಿದು ವೇದಿಕೆಯ ಮೆಟ್ಟಿಲ ಬಳಿ ಬಂದವನ ಕಾಲಿಗೆ ಕೆಂಪು ಕಾರ್ಪೆಟ್ಟಿನ ಎದ್ದ ಅಂಚು ಸಿಕ್ಕಿತು. ಹಣೆ ನೇರವಾಗಿ ಮೆಟ್ಟಿಲಿಗೆ. ನೆತ್ತಿಯ ಹತ್ತಿರ ಸಣ್ಣದು ಸೀಳಿದರೂ ರಕ್ತ ಧಾರಾಳ. ಎದ್ದು ಕೂತ ಹುಡುಗ ಮೊದಲು ಮಾಡಿದ ಕೆಲಸ ಒಡೆದ ಲೋಟಗಳನ್ನು ಎಣಿಸಿದ್ದು.

ಸಭೆ ತಕ್ಷಣ ಸ್ಪಂದಿಸಿತು. ಸುಮಾರು ನಲವತ್ತು ಮೊಬೈಲು ಮೇಲೆದ್ದವು.

“ಯಾರೂ ಮುಟ್ಟಬ್ಯಾಡ್ರಿ, ಪೊಲೀಸ್ ಕೇಸಾಗ್ತೈತಿ” ಎಂದು ಗೋಲ್ಡ್ ಟೇಬಲ್ಲಿನಿಂದ ಒಬ್ಬರು ಕೂಗಿದರು. ಗಾಯಾಳುವಿಗೆ ನೆರವಾದವರನ್ನು ಪೊಲೀಸರು ಕಾಡಬಾರದು ಎಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಮುದ್ರೆ ಒತ್ತಿದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿದೆ. ಕಾಲು ಗಂಟೆ ಮುಂಚೆ ಎಲ್.ಇ.ಡಿ. ಪರದೆಯ ಮೇಲೆ ಅದೇ ಓಡಿತ್ತು. ಆಗ ಎಲ್ಲರೂ ಬೇಬಿಕಾರ್ನ್ ತಿನ್ನುತ್ತಿದ್ದರು. ಇನ್ನೊಬ್ಬರು, ತಿಳಿದವರು, “ಈಗ ಫ್ರೀ ಐತಲ್ರಿ, ಒಂದೂವರೆ ಲಕ್ಷದತನ” ಅಂದರು. ಇದೆ. 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ. ಆದರೆ ಅದಕ್ಕೆ ಮೋಟಾರು ವಾಹನ ಬೇಕು. ನಮ್ಮ ಹುಡುಗ ತಪ್ಪಿ ಕಾರ್ಪೆಟ್ಟಿನ ಮೇಲೆ ಬಿದ್ದಿದ್ದ.

ಫಸ್ಟ್ ಏಡ್ ಪೆಟ್ಟಿಗೆ ಹುಡುಕಿದರು. ಟ್ರಾಮಾ ಸೆಂಟರಿಗೆ ನಿಧಿ ಕೂಡಿಸುವ ಆ ಹಾಲಿನಲ್ಲಿ ಇದ್ದದ್ದು ಅರಿಸಿನ, ಅದೂ ದೀಪ ಹಚ್ಚುವ ತಟ್ಟೆಯಲ್ಲಿ. ಆಸ್ಪತ್ರೆಯ ವೈದ್ಯರನ್ನು ಕರೆದಿರಲಿಲ್ಲವೇ? ಕರೆದಿದ್ದರಂತೆ, ಡ್ಯೂಟಿ ಇದೆ ಅಂತ ಬರಲಿಲ್ಲವಂತೆ. ಅದನ್ನು ಹೇಳಿದ ಸಂಘಟಕರ ದನಿಯಲ್ಲಿ ಸ್ವಲ್ಪ ಬೇಜಾರಿತ್ತು.

ಕೊನೆಗೆ ಯಾರೋ ಹೊರಗೆ ಓಡಿ ಆಂಬುಲೆನ್ಸಿನ ಡ್ರೈವರನ್ನು ಕರೆತಂದರು. ಆತ ಚೆಂಡುಹೂವಿನ ನಡುವೆ ಸೀಟಿನಲ್ಲಿ ನಿದ್ದೆ ಹೋಗಿದ್ದನಂತೆ. ಬಂದವನೇ ಯಾರ ಮುಖವನ್ನೂ ನೋಡದೆ ಕೂತ. ಒಂದು ಟೇಬಲ್ಲಿನಿಂದ ಹಂಸದ ಆಕಾರಕ್ಕೆ ಮಡಿಚಿಟ್ಟ ಬಿಳಿ ನ್ಯಾಪ್ಕಿನ್ ಎಳೆದುಕೊಂಡು, ಬಿಡಿಸಿ, ನಾಲ್ಕು ಮಡಿಕೆ ಮಾಡಿ ಗಾಯದ ಮೇಲೆ ಅಂಗೈಯಿಂದ ಒತ್ತಿ ಹಿಡಿದ. ಕೆಂಪಾದಾಗ ಅದನ್ನು ಕೀಳಲಿಲ್ಲ, ಮೇಲೆ ಇನ್ನೊಂದು ಹಂಸ ಇಟ್ಟ. “ಹೆಸರೇನು ತಮ್ಮಾ? ಯಾವೂರು? ಮುಂಜಾನಿ ಏನ್ ಉಂಡಿ?” ಅಂತ ಒಂದೊಂದೇ ಕೇಳಿದ. ಹುಡುಗ ಸಿರುಗುಪ್ಪ ಅಂದ, ಊಟ ಆಗಿಲ್ಲ ಅಂದ, ಹೆಸರು ಹೇಳುವಾಗ ನಾಲಗೆ ತೊದಲಿತು. ಡ್ರೈವರ್ ತಲೆ ಎತ್ತಿ, “ತಲಿಗೆ ಪೆಟ್ಟಾಗೈತಿ, ಸ್ಕ್ಯಾನ್ ಮಾಡಸ್ಬೇಕು. ಕುತ್ತಿಗಿ ಅಲಗಾಡಬಾರ್ದು. ಸ್ಟ್ರೆಚರ್ ಕೊಡ್ರಿ” ಅಂದ.

ಎಲ್ಲರೂ ವೇದಿಕೆಯ ಕಡೆ ನೋಡಿದರು. ಸ್ಟ್ರೆಚರಿನ ಮೇಲೆ ಚೆಕ್ಕು ಮಲಗಿತ್ತು.

“ರಿಬ್ಬನ್ ಕಟ್ಟೇವಲ್ರಿ” ಅಂದರು ಸಂಘಟಕರು.

“ಕತ್ರಿಸ್ರಿ.”

“ಅದು ಸಾಹೇಬ್ರು ಕತ್ತರಿಸೋದು.”

ಕತ್ತರಿ ಬೆಳ್ಳಿ ತಟ್ಟೆಯಲ್ಲಿ, ವೆಲ್ವೆಟ್ಟಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆಯೇ ಇತ್ತು. ಸಮಿತಿ ಅಲ್ಲಿಯೇ ಗುಂಪುಗೂಡಿತು. ರಿಬ್ಬನ್ ಬಿಚ್ಚಿ ಆಮೇಲೆ ಕಟ್ಟಬಹುದು ಎಂದು ಕಾರ್ಯದರ್ಶಿ. ಕಟ್ಟಿದವನು ಹುಬ್ಬಳ್ಳಿಯ ಡೆಕೊರೇಟರ್, ಅವನು ಹೋಗಿಬಿಟ್ಟ, ಆ ಗಂಟು ಮತ್ತೆ ಬರದು ಎಂದು ಖಜಾಂಚಿ. ಅಪಶಕುನ ಎಂದು ಖಜಾಂಚಿಯ ಮನೆಯವರು. ಸಾಹೇಬರಿಗೆ ಫೋನ್ ಹಚ್ಚಿ ಒಪ್ಪಿಗೆ ತೆಗೆದುಕೊಳ್ಳೋಣ ಎಂದು ಅಧ್ಯಕ್ಷರು. ಹಚ್ಚಿದರು. ನಾಟ್ ರೀಚಬಲ್. ಪಿ.ಎ.ಗೆ ಹಚ್ಚಿದರು. “ಬಂದೇ ಬಿಟ್ವಿ, ಹತ್ತು ನಿಮಿಷ” ಅಂದ. ಹಾಗಾದರೆ ಹತ್ತು ನಿಮಿಷ ನೋಡೋಣ ಎಂದು ಅಧ್ಯಕ್ಷರು ಮೈಕಿನಲ್ಲೇ ಹೇಳಿದರು. ಪರದೆಯ ಮೇಲೆ ಆ ಹೊತ್ತಿಗೂ ಬಂಗಾರದ ಬಣ್ಣದ ಒಂದು ಗಡಿಯಾರ ತಿರುಗುತ್ತಿತ್ತು. ಕೆಳಗೆ ‘ಪ್ರತಿ ಕ್ಷಣವೂ ಅಮೂಲ್ಯ’ ಎಂಬ ಸಾಲು, ಅದರ ಕೆಳಗೆ ಒಂದು ಆಭರಣದ ಅಂಗಡಿಯ ಜಾಹೀರಾತು.

ಡ್ರೈವರ್ ಹತ್ತಿ ಹೋಗಿ, ಬೆಳ್ಳಿ ತಟ್ಟೆಯ ಕತ್ತರಿಯನ್ನು ಮುಟ್ಟದೆ, ಸೊಂಟದ ಕೀಲಿಗೊಂಚಲಿನ ಚಾಕುವಿನಿಂದ ರಿಬ್ಬನ್ನನ್ನು ಎರಡೇ ಎಳೆತಕ್ಕೆ ಕೊಯ್ದ. ಹುಡುಗನ ರಕ್ತ ಹತ್ತಿದ ಕೈಯಿಂದಲೇ ಚೆಕ್ಕನ್ನು ಪಕ್ಕಕ್ಕೆ ಒರಗಿಸಿದ. ಮೇಲೆ ಹೂವಿನ ಬುಟ್ಟಿ ಕಾಯುತ್ತಿದ್ದವನಿಗೆ ರಿಬ್ಬನ್ ಬಿದ್ದದ್ದಷ್ಟೇ ಕಂಡಿತು, ಅವನು ತನ್ನ ಕರ್ತವ್ಯ ಮಾಡಿದ. ಗುಲಾಬಿ ಪಕಳೆಗಳ ಮಳೆಯಲ್ಲಿ, ನಾನು, ಗೆಳೆಯ, ಹತ್ತಿ ವ್ಯಾಪಾರದ ಹಿರಿಯರು, ಇಬ್ಬರು ಹರಿದ ಜೀನ್ಸಿನ ಹುಡುಗರು ಸೇರಿ ಆ ಸಿರುಗುಪ್ಪದವನನ್ನು ಹೊರಗೆ ಸಾಗಿಸಿದೆವು. ಬಾಳೆಕಂದು ಬಿಚ್ಚುವಷ್ಟು ತಡ ಮಾಡದೆ ಗಾಡಿ ಹೊರಟಿತು. ಹೆದ್ದಾರಿಯ ಎರಡು ಸಾಲು ಕಾರು ದಾಟುವುದಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ನಾನು ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ.

ಸಾಹೇಬರು ಒಂಬತ್ತೂ ನಲವತ್ತಕ್ಕೆ ಬಂದರು. ಹೊಸ ರಿಬ್ಬನ್ ಸಿಕ್ಕಿತ್ತು, ಸ್ಟ್ರೆಚರ್ ಸಿಕ್ಕಿರಲಿಲ್ಲ. ಚೆಕ್ಕನ್ನು ಊಟದ ಟ್ರಾಲಿಯ ಮೇಲೆ ಮಲಗಿಸಿ ಕತ್ತರಿಸಿದರು. ಹೂವು ಮುಗಿದಿದ್ದರಿಂದ ನೆಲದ ಮೇಲಿನದನ್ನೇ ಗುಡಿಸಿ ಮತ್ತೆ ಸುರಿದರು.

ಹುಡುಗ ಹೇಗಿದ್ದಾನೆಂದು ಮರುದಿನ ವಿಚಾರಿಸಿದೆ. ಆರು ಹೊಲಿಗೆ, ಸ್ಕ್ಯಾನಿನಲ್ಲಿ ಏನೂ ಇಲ್ಲ. ಲೋಟಗಳ ದುಡ್ಡನ್ನು ಕೂಲಿಯಲ್ಲಿ ಹಿಡಿದರಂತೆ.

ಫೋಟೋ ಎಲ್ಲರ ಮೊಬೈಲಿಗೂ ಬಂತು. ಚೆಕ್ಕಿನ ಬಲ ತುದಿಯಲ್ಲಿ, ಕೊನೆಯ ಸೊನ್ನೆಯ ಪಕ್ಕ, ಕೆಂಪಗೆ ನಾಲ್ಕು ಬೆರಳಿನ ಗುರುತು. ‘ಪೂಜೆ ಸಲ್ಲಿಸಿ ತಂದ ಚೆಕ್’ ಎಂದು ಕೆಳಗೆ ಬರೆದಿದ್ದರು.

ಎರಡು ದಿನ ಬಿಟ್ಟು ಅಂಗಡಿಗೆ ಹೋದರೆ ಆ ಚೆಕ್ಕು ಗೋಡೆಗೆ ಒರಗಿ ನಿಂತಿತ್ತು. ಮುಂದಿನ ವರ್ಷಕ್ಕೂ ಇದೇ ನಡೆಯುತ್ತದೆ, ಕುಂಕುಮ ಒರೆಸಿ ಇಡು ಎಂದು ವಾಪಸು ಕಳಿಸಿದ್ದರು. ಬಿಲ್ಲು ಇನ್ನೂ ಆಗಿರಲಿಲ್ಲ. ಗೆಳೆಯ ಒದ್ದೆ ಬಟ್ಟೆ, ಸೋಪು, ಥಿನ್ನರು ಎಲ್ಲ ಮುಗಿಸಿ ಕೈಚೆಲ್ಲಿ ಕೂತಿದ್ದ.

“ಒಳಗ ಇಳದೈತಿ, ಹೋಗಾಂಗಿಲ್ಲ” ಅಂದ. ಆಮೇಲೆ ಕತ್ತರಿ ಹಿಡಿದು ಕಪ್ಪು ವಿನೈಲ್ ಹಾಳೆಯಲ್ಲಿ ದುಂಡಗೆ ಒಂದು ಸೊನ್ನೆ ಕತ್ತರಿಸಿ, ಅಳತೆ ನೋಡಿ, ಕಲೆಯ ಮೇಲೆ ಸರಿಯಾಗಿ ಅಂಟಿಸಿದ.