ತೋಳಕ್ಕೆ ಹಸಿವಾಗಬಾರದಂತೆ

ಸ್ವೀಡನ್ ದೇಶ ಪುಸ್ತಕವನ್ನು ಕಂಡುಹಿಡಿದಿದೆ. ಹಳೇ ಸುದ್ದಿ, ನಿಮಗೂ ಗೊತ್ತು. ಆದರೂ ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಶಿಶುವಿಹಾರದ ಮಕ್ಕಳಿಗೂ ಡಿಜಿಟಲ್ ಸಾಧನ ಕಡ್ಡಾಯ ಎಂದಿದ್ದವರು 2023ರಲ್ಲಿ ತಲೆ ಕೆರೆದುಕೊಂಡರು. ಬೇಡ, ಅಚ್ಚಾದ ಪುಸ್ತಕವೇ ವಾಸಿ ಎಂದರು. ಶಾಲೆಗಳಿಗೆ ಪುಸ್ತಕ ಕೊಳ್ಳಲು ಆ ವರ್ಷ 68.5 ಕೋಟಿ ಕ್ರೋನಾ ಎತ್ತಿಟ್ಟರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇರಲಿ, ಅವರು ಬಾಗಿಲನ್ನಾದರೂ ಹುಡುಕಿದರು. ನಾವಿನ್ನೂ ಕೊಳ್ಳೆ ಹೋದ ಊರಿಗೆ ವೈಫೈ ಹಾಕಿಸುತ್ತಿದ್ದೇವೆ.

ನಾನು ಮಕ್ಕಳಿಗೆ ಕಥೆ ಬರೆಯುವವನು. ಹಾಗಾಗಿ ಬಾಲ್ಯವನ್ನು ಉಳಿಸುವ ಸಭೆಗಳಿಗೆ ನನ್ನನ್ನು ಕರೆಯುತ್ತಾರೆ. ಕಳೆದ ಸಲದ ವಿಷಯ, ಮಕ್ಕಳನ್ನು ಪರದೆಯಿಂದ ದೂರ ಇಡುವುದು ಹೇಗೆ. ಸಭೆ ನಡೆದದ್ದು ಆನ್‌ಲೈನಿನಲ್ಲಿ. ಮಕ್ಕಳೂ ಇರಲಿ ಎಂದು ಅವರನ್ನೂ ಕೂರಿಸಿದ್ದರು. ಎರಡು ಗಂಟೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ವರ್ಷ ತುಂಬದ ಕೂಸಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆಯಲ್ಲ, ಅದನ್ನು ಒಬ್ಬರು ಸ್ಲೈಡ್ ಹಾಕಿ ತೋರಿಸಿದರು. ಒಂದು ಕೂಸು ಅಪ್ಪನ ತೊಡೆಯ ಮೇಲೆ ಕೂತು ಆ ಸ್ಲೈಡನ್ನು ಕಣ್ಣು ಮಿಟುಕಿಸದೆ ನೋಡಿತು. ಇಡೀ ಸಭೆಯಲ್ಲಿ ಗಮನ ಕೊಟ್ಟಿದ್ದು ಅದೊಂದೇ.

ಆಮೇಲೆ ಪ್ರಕಾಶಕರಿಂದ ಪತ್ರ ಬಂತು. ನನ್ನ ಹೊಸ ಕಥೆಯಲ್ಲಿ ಒಂದು ತೋಳ ಇದೆ. ಅದಕ್ಕೆ ಹಸಿವು. ಕಾಡಿನ ದಾರಿಯಲ್ಲಿ ಒಂದು ಕುರಿಮರಿ ಬರುತ್ತದೆ. 'ಸರ್, ಹಸಿವು ಅಂದರೆ ಮಕ್ಕಳು ಹೆದರಬಹುದು. ತೋಳಕ್ಕೆ ಸುಮ್ನೆ ಬೇಜಾರಾಗಿತ್ತು ಅಂತ ಮಾಡಬಹುದಾ?' ಮಾಡಬಹುದು. ಬೇಜಾರಾದ ತೋಳ ಕುರಿಮರಿಯ ಹತ್ತಿರ ಹೋಗಿ ಏನು ಮಾಡಬೇಕು, ಸೆಲ್ಫಿ ತೆಗೆದುಕೊಳ್ಳಬೇಕಾ? ಎರಡನೇ ಪತ್ರದಲ್ಲಿ, ಚಿತ್ರದಲ್ಲಿ ಹಲ್ಲು ಕಾಣಬಾರದು ಎಂದರು. ಮೂರನೆಯದರಲ್ಲಿ, ಮರಿ ಒಂಟಿಯಾಗಿ ಕಾಡಿಗೆ ಹೋಗುವುದು ಸುರಕ್ಷಿತವಲ್ಲ, ಅಪ್ಪನನ್ನು ಜೊತೆಗೆ ಕಳಿಸಿ ಎಂದರು. ಅಪ್ಪ ಜೊತೆಗಿದ್ದರೆ ಕಥೆ ಎಲ್ಲಿಂದ ಹುಟ್ಟುತ್ತದೆ ಸ್ವಾಮಿ? ಸರಿ, ಒಂದು ಟಗರನ್ನು ಸೇರಿಸಿದೆ. ಈಗ ತೋಳ, ಕುರಿಮರಿ, ಟಗರಪ್ಪ ಮೂವರೂ ಸೇರಿ ಗಿಡ ನೆಡುತ್ತಾರೆ. ಹನ್ನೆರಡು ಪುಟ. ಆರು ವರ್ಷದ ಹುಡುಗನೊಬ್ಬನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಕೇಳಿದ, 'ತೋಳ ಯಾವಾಗ ತಿನ್ನುತ್ತೆ?'

ಹೆದರಲು ಪುಸ್ತಕದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಪುಟ ಮುಚ್ಚಿದರೆ ತೋಳ ಒಳಗೇ ಉಳಿಯುತ್ತದೆ. ಸಾಲದಿದ್ದರೆ ಮೇಲೊಂದು ದಿಂಬು ಇಡಬಹುದು. ಫೋನಿನಲ್ಲಿರುವ ತೋಳ ಹಾಗಲ್ಲ. ರಾತ್ರಿ ಹನ್ನೊಂದಕ್ಕೆ ಟಿಣ್ ಎಂದು ತಾನೇ ಕರೆಯುತ್ತದೆ.

ಅಲ್ಲಿ ಕಾವಲಿಲ್ಲ ಅಂತೇನಿಲ್ಲ. ಸಾಮಾಜಿಕ ಜಾಲತಾಣದಲ್ಲಿ ಖಾತೆ ತೆರೆಯಲು 13 ವರ್ಷ ಆಗಿರಬೇಕು. ಅಮೆರಿಕದ 1998ರ ಕಾನೂನಿನ ಲೆಕ್ಕ ಅದು, ಲೋಕಕ್ಕೆಲ್ಲ ಅಂಟಿಕೊಂಡಿದೆ. ಹುಟ್ಟಿದ ವರ್ಷ ಕೇಳುತ್ತಾರೆ. ಮಗು ಪಟ್ಟಿಯನ್ನು ಒಮ್ಮೆ ಜೋರಾಗಿ ಉರುಳಿಸುತ್ತದೆ, ಅದು 1952ಕ್ಕೆ ಹೋಗಿ ನಿಲ್ಲುತ್ತದೆ. ಸರಿ ತಾತ, ಒಳಗೆ ಬನ್ನಿ. ಆಸ್ಟ್ರೇಲಿಯಾ ಇದನ್ನು 16ಕ್ಕೆ ಏರಿಸಿ, ವಯಸ್ಸು ನೋಡಿಕೊಳ್ಳುವ ಹೊಣೆ ಕಂಪನಿಗಳದ್ದೇ ಎಂದು 2025ರ ಡಿಸೆಂಬರಿನಿಂದ ಜಾರಿ ಮಾಡಿತು. ಪಾಪ, ಕಂಪನಿಗಳಿಗೆ ಎಷ್ಟು ಕಷ್ಟ. ನಾವು ಮೂರು ದಿನದ ಹಿಂದೆ ನೋಡಿ ಬಿಟ್ಟ ಚಪ್ಪಲಿಯನ್ನು ನೆನಪಿಟ್ಟುಕೊಂಡು ಬೆನ್ನು ಹತ್ತುವವರಿಗೆ, ಎದುರಿಗಿರುವುದು ಒಂಬತ್ತು ವರ್ಷದ ಮಗು ಅಂತ ಮಾತ್ರ ಗೊತ್ತಾಗುವುದಿಲ್ಲ!

ಅಚ್ಚಾದ ಪುಸ್ತಕದ ಮೇಲೆ ನನಗೆ ಪ್ರೀತಿ. ಅದರ ಪರಿಮಳ, ಸ್ಪರ್ಶ ಅಂತೆಲ್ಲ ಹೇಳಲಾರೆ. ಹಳೇ ಪುಸ್ತಕ ಮೂಸಿದರೆ ನನಗೆ ಸೀನು ಬರುತ್ತದೆ. ನನ್ನ ಕಾರಣ ಬೇರೆ. ಕೊಟ್ಟ ಪುಸ್ತಕವನ್ನು ರಾತ್ರೋರಾತ್ರಿ ಯಾರೂ ವಾಪಸ್ ಕಿತ್ತುಕೊಳ್ಳಲಾರರು. 2009ರಲ್ಲಿ ಅಮೆಜಾನ್, ಜನ ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕವನ್ನು ಅವರ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನದ ಒಳಗಿಂದಲೇ ಅಳಿಸಿ, ದುಡ್ಡು ಹಿಂದಿರುಗಿಸಿತು. ಮಾರಿದವರಿಗೆ ಹಕ್ಕೇ ಇರಲಿಲ್ಲವಂತೆ. ಯಾವ ಪುಸ್ತಕ? ಜಾರ್ಜ್ ಆರ್ವೆಲ್ ಬರೆದ '1984', ಸರ್ಕಾರವೇ ಹಳೇ ದಾಖಲೆಗಳನ್ನು ಅಳಿಸುತ್ತಾ ಹೋಗುವ ಕಾದಂಬರಿ. ಇಂಥದ್ದನ್ನು ಅವರೇ ಮಾಡಿಬಿಟ್ಟರೆ ವಿಡಂಬನೆ ಬರೆಯುವವರು ಹೊಟ್ಟೆಗೇನು ಮಾಡಬೇಕು?

ಐಪ್ಯಾಡ್ ಬಂದ ಹೊಸದರಲ್ಲಿ ಪತ್ರಕರ್ತರೊಬ್ಬರು ಅದನ್ನು ಮಾಡಿದ ಆಪಲ್ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರನ್ನು, ನಿಮ್ಮ ಮಕ್ಕಳಿಗೆ ಇದು ಬಲು ಇಷ್ಟವಿರಬೇಕಲ್ಲ ಎಂದು ಕೇಳಿದ್ದರು. ಅವರಿನ್ನೂ ಮುಟ್ಟಿಯೇ ಇಲ್ಲ ಎಂದರಂತೆ ಜಾಬ್ಸ್. ಅಡುಗೆಯವನು ತನ್ನ ಮನೆಗೆ ಒಯ್ಯದ ಊಟವನ್ನು ನಾವು ಮಕ್ಕಳ ಬಾಯಿಗೆ ತುರುಕಿದೆವು.

ನಿಜ ಹೇಳಲಾ, ನಗು ಸಾಕಾಗಿದೆ. ಮಗುವಿನ ಕೈಗೆ ಫೋನ್ ಇಟ್ಟದ್ದು ಯಾವ ಕಂಪನಿಯೂ ಅಲ್ಲ. ನಾವು ಇಟ್ಟೆವು. ಅಳು ನಿಲ್ಲಲಿ ಅಂತ. ನಮ್ಮ ಫೋನನ್ನು ನಾವು ನೋಡೋಣ ಅಂತ. ಒಂದು ಕಥೆ ಓದಿ ಹೇಳಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಇಲ್ಲದವರೆಲ್ಲ ಸೇರಿ ಬಾಲ್ಯ ಉಳಿಸಲು ಎರಡು ಗಂಟೆ ಸಭೆ ಮಾಡುತ್ತೇವೆ. ನಾನೂ ಹೋಗುತ್ತೇನೆ, ನಾಚಿಕೆಯಿಲ್ಲದೆ.

ಆ ಹುಡುಗ ನನ್ನ ಕರಡು ಪ್ರತಿಯನ್ನು ಮನೆಗೆ ಒಯ್ದಿದ್ದ. ನಿನ್ನೆ ತಂದುಕೊಟ್ಟ. ಹನ್ನೆರಡು ಪುಟದಲ್ಲೂ ತೋಳಕ್ಕೆ ಪೆನ್ಸಿಲಿನಲ್ಲಿ ಹಲ್ಲು ಬರೆದಿದ್ದಾನೆ. ಏಳನೇ ಪುಟದಿಂದ ಮುಂದೆ ಕುರಿಮರಿ ಇಲ್ಲ, ರಬ್ಬರಿನಲ್ಲಿ ಉಜ್ಜಿ ಉಜ್ಜಿ ಕಾಗದವೇ ತೂತು. ಪಕ್ಕದಲ್ಲಿ ನಿಂತಿರುವ ಟಗರಪ್ಪನ ಕೈಗೆ ಒಂದು ಫೋನ್ ಬರೆದುಕೊಟ್ಟಿದ್ದಾನೆ.